ಮೊಲ ಓಡುವ ಹೊತ್ತು

ಮಗಳು ನೆಲದ ಮೇಲೆ ಬೋರಲು ಮಲಗಿ ರಟ್ಟಿನ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದಳು. ಪೆಟ್ಟಿಗೆಯ ಎರಡು ತುದಿಗಳನ್ನೂ ಕತ್ತರಿಸಿ ಅವಳೇ ಅದನ್ನು ಸುರಂಗ ಮಾಡಿದ್ದಳು. ಆಚೆ ತುದಿಯಲ್ಲಿ ಮೊಲ ಕೂತಿತ್ತು. ಅವಳ ಕೈಯಲ್ಲಿದ್ದ ಕೊತ್ತಂಬರಿ ಕಡ್ಡಿ ಅರ್ಧ ಗಂಟೆಯಿಂದ ಅಲ್ಲಾಡಿ ಅಲ್ಲಾಡಿ ಬಾಡಿಹೋಗಿತ್ತು.

"ಬಾರೋ ಸುಣ್ಣ. ಒಂದು ಹೆಜ್ಜೆ. ಒಂದೇ ಒಂದು."

ಸುಣ್ಣ ಹೆಜ್ಜೆಯಿರಲಿ, ಮೀಸೆಯನ್ನೂ ಕುಣಿಸಲಿಲ್ಲ. ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು, ಯಾರೋ ತಂದಿಟ್ಟು ಮರೆತ ದಿಂಬಿನ ಹಾಗೆ ಇದ್ದಲ್ಲೇ ಇತ್ತು.

"ಅದಕ್ಕೆ ಹೊಟ್ಟೆ ತುಂಬಿದೆ. ನಿನ್ನ ಹೋಮ್‌ವರ್ಕ್ ಪುಸ್ತಕ ಮಾತ್ರ ಖಾಲಿ ಇದೆ," ಎಂದಳು ಅಮ್ಮ, ಹೊಲಿಗೆ ಮಷಿನ್ನಿನಿಂದ ತಲೆಯೆತ್ತದೆ. ಅವಳು ಮನೆಯಲ್ಲೇ ಕೂತು ಅಂಗಡಿಯೊಂದಕ್ಕೆ ಪರದೆ ಹೊಲಿದುಕೊಡುತ್ತಿದ್ದಳು. ಇರುವ ಎರಡು ಕೋಣೆಗಳಲ್ಲಿ ಒಂದರ ಅರ್ಧ ಭಾಗ ಬಟ್ಟೆಯೇ.

"ಡಾಕ್ಟರಮ್ಮ ಹೇಳಿದ್ದು ನೀನೂ ಕೇಳಿಸಿಕೊಂಡೆ ತಾನೆ? ಸಂಜೆ ಹೊತ್ತು ಓಡಾಡದೆ ಹೀಗೇ ಕೂತಿದ್ರೆ ಅದರ ಕರುಳು ಕೆಲಸ ಮಾಡೋದು ನಿಲ್ಲಿಸುತ್ತಂತೆ. ಆಮೇಲೆ ಎರಡೇ ದಿನ."

ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಬಳಿ ಹೋಗಿ ಬಂದಿದ್ದರು. ಮನೆಗೆ ಬಂದು ಮೂರು ತಿಂಗಳಾದರೂ ಮೊಲ ಮೂಲೆ ಬಿಟ್ಟು ಕದಲಿರಲಿಲ್ಲ. ತಿನ್ನುವುದೂ ಕಡಿಮೆಯಾಗಿ, ಹಿಕ್ಕೆ ಸಾಸಿವೆಯಷ್ಟಾಗಿತ್ತು. ಮೊಲಗಳು ಹಗಲು ತೂಕಡಿಸುತ್ತವೆ, ಬೆಳಕು ಹರಿಯುವಾಗ ಮತ್ತು ಮುಳುಗುವಾಗ ಚುರುಕಾಗುತ್ತವೆ, ಆ ಹೊತ್ತಿನಲ್ಲೂ ಎದ್ದೇಳದಿದ್ದರೆ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಸೊಪ್ಪನ್ನು ಒಂದೇ ಕಡೆ ಹಾಕಬೇಡಿ, ಅಲ್ಲಲ್ಲಿ ಬಚ್ಚಿಡಿ, ಹುಡುಕಿಕೊಂಡು ಬರಲಿ. ನುಣುಪು ನೆಲದಲ್ಲಿ ಕಾಲು ಜಾರುತ್ತದೆ, ಚಾಪೆ ಹಾಸಿ. ಮೇಲಿನಿಂದ ಬಗ್ಗಿ ಹಿಡಿಯಬೇಡಿ, ನೀವೂ ನೆಲದ ಮೇಲೆ ಕೂತುಕೊಳ್ಳಿ. ಇಷ್ಟು ಹೇಳಿ, ಕೊನೆಗೆ ಪುಟ್ಟ ಟಾರ್ಚಿನಿಂದ ಕಿವಿಯೊಳಗೆ ನೋಡಿ, "ಇದು ಲ್ಯಾಬಿನ ಮೊಲ. ನಿಮಗೆ ಎಲ್ಲಿ ಸಿಕ್ತು?" ಎಂದು ಕೇಳಿದ್ದಳು. "ಯಾರೋ ಕೊಟ್ಟರು," ಎಂದಿದ್ದಳು ಅಮ್ಮ. ಮಗಳು ಅಮ್ಮನ ಮುಖವನ್ನೇ ನೋಡಿದ್ದಳು. ಮೊಲವನ್ನು ಕೈಚೀಲದಲ್ಲಿ ತಂದವನು ಅಪ್ಪ.

ಅಪ್ಪ ಈಗ ಬಚ್ಚಲಿನಿಂದ ಹೊರಗೆ ಬಂದ. ಕೆಲಸದಿಂದ ಬಂದೊಡನೆ ಮೊಣಕೈವರೆಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆಯುವುದು ಅವನ ಅಭ್ಯಾಸ. ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಿದ್ದಾಗ ಮಗಳು ಪೆಟ್ಟಿಗೆಯೊಳಗಿಂದಲೇ ಕೇಳಿದಳು.

"ಅಪ್ಪಾ, ಇದರ ಕಿವಿಯೊಳಗೆ ನಂಬರ್ ಯಾಕಿದೆ?"

ಮಷಿನ್ನಿನ ಸದ್ದು ನಿಂತಿತು.

ಅವನು ಔಷಧಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ ಎಂಬುದಷ್ಟೇ ಮಗಳಿಗೆ ಗೊತ್ತಿತ್ತು. ಅಲ್ಲಿ ಏನು ಕೆಲಸ ಎಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ "ಸ್ಟೋರಿನಲ್ಲಿ" ಎಂದಿದ್ದ. ಅವಳಿಗೆ ಹದಿಮೂರು ವರ್ಷವಾಗುವವರೆಗೂ ಅದೇ ಉತ್ತರ ಸಾಕಾಗಿತ್ತು.

ಅವನು ಗೋಡೆಗೆ ಒರಗಿ ಕೂತ. ನಿಧಾನವಾಗಿ, ಒಂದನ್ನೂ ಮುಚ್ಚಿಡದೆ ಹೇಳಿದ. ಕಂಪನಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಅಲ್ಲಿ ಸಾಲಾಗಿ ಉಕ್ಕಿನ ಗೂಡುಗಳು. ಮೊಲಗಳಿಗೆ ಮೇವು ಹಾಕುವುದು, ಗೂಡು ತೊಳೆಯುವುದು, ತೂಕ ನೋಡುವುದು ಅವನ ಕೆಲಸ. ಅದಕ್ಕಿಂತ ಮುಖ್ಯವಾಗಿ, ಹಿಡಿದುಕೊಳ್ಳುವುದು. ಬಿಳಿ ಕೋಟಿನವರು ಕಣ್ಣಿಗೆ ಹನಿ ಹಾಕುವಾಗ, ಸೂಜಿ ಚುಚ್ಚುವಾಗ ಮೊಲ ಕೊಸರಬಾರದು. ಕೊಸರಿದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅದಕ್ಕಾಗಿ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿಯಬೇಕು. ಇಪ್ಪತ್ತೆರಡು ವರ್ಷದಿಂದ ಹಿಡಿಯುತ್ತಿದ್ದಾನೆ.

"ಅವಕ್ಕೆ ನೋವಾಗುತ್ತಾ?"

"ಕೆಲವಕ್ಕೆ ಆಗುತ್ತೆ."

"ಆಗಲೂ ನೀನು ಹಿಡ್ಕೊಂಡಿರ್ತೀಯಾ?"

"ಹಿಡ್ಕೊಳ್ಳದಿದ್ರೆ ಇನ್ನೂ ಜಾಸ್ತಿ ನೋವಾಗುತ್ತೆ ಪುಟ್ಟಾ. ನನ್ನ ಕೈಯಲ್ಲಿ ಅವು ಹೆದರೋದಿಲ್ಲ. ಬೇರೆಯವರು ಮುಟ್ಟಿದ್ರೆ ಕಿರುಚ್ತವೆ, ಒದೀತವೆ. ನಾನು ತಗೊಂಡ್ರೆ ತಣ್ಣಗೆ ಕೂತುಬಿಡ್ತವೆ. ಅಲ್ಲಿ ಯಾರನ್ನ ಬೇಕಾದ್ರೂ ಕೇಳು."

ಅದು ನಿಜವೇ ಆಗಿತ್ತು. ಜೊತೆಯವರು ಅವನದು ಮಂತ್ರದ ಕೈ ಎನ್ನುತ್ತಿದ್ದರು. ಹೊಸದಾಗಿ ಸೇರಿದವರಿಗೆ ಹಿಡಿಯುವುದು ಹೇಗೆಂದು ಅವನೇ ತೋರಿಸಿಕೊಡಬೇಕು. ಬದುಕಿನಲ್ಲಿ ಅವನನ್ನು ಹೊಗಳಿದವರು ಯಾರಾದರೂ ಇದ್ದರೆ, ಹೊಗಳಿದ್ದು ಅದೊಂದಕ್ಕೇ.

ಮಗಳು ಪೆಟ್ಟಿಗೆಯಿಂದ ಹೊರಗೆ ಬಂದು ಎದ್ದು ಕೂತಳು. ಕೂದಲಿನಲ್ಲಿ ಕಾಗದದ ಚೂರು ಸಿಕ್ಕಿಕೊಂಡಿತ್ತು. "ಪರೀಕ್ಷೆ ಮುಗಿದ ಮೇಲೆ ಅವು ಎಲ್ಲಿಗೆ ಹೋಗ್ತವೆ?"

ಅವನು ಹೆಂಡತಿಯತ್ತ ನೋಡಿದ. ಅವಳು ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

"ಇದು ಹೋಗಲಿಲ್ಲವಲ್ಲ," ಎಂದ ಅವನು. "ಪಟ್ಟಿಯಲ್ಲಿ ಹನ್ನೊಂದು ಅಂತ ಬರೆದಿತ್ತು. ಗೂಡಿನಲ್ಲಿ ಹನ್ನೆರಡು ಇದ್ದವು. ಎಲ್ಲಿ ತಪ್ಪಾಯಿತೋ ಯಾರಿಗೂ ಗೊತ್ತಿಲ್ಲ. ಒಂದನ್ನ ನಾನು ಕರ್ಕೊಂಡು ಬಂದೆ."

ಮಗಳು ಹೂಂಗುಟ್ಟಿದಳು. ಅಳಲಿಲ್ಲ, ಕೂಗಾಡಲಿಲ್ಲ. ಕತ್ತರಿ ತೆಗೆದುಕೊಂಡು ಇನ್ನೊಂದು ಪೆಟ್ಟಿಗೆಗೆ ಬಾಗಿಲು ಕತ್ತರಿಸತೊಡಗಿದಳು. ಅವಳು ಒಂದೆರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಅನ್ನಿಸಿತು.

ಮರುದಿನದಿಂದ ಅವನೂ ಟೊಂಕ ಕಟ್ಟಿ ನಿಂತ. ಕೆಲಸದಿಂದ ಬಂದವನೇ ಅಂಗಿ ಬದಲಾಯಿಸಿ ನೆಲಕ್ಕೆ ಇಳಿಯುತ್ತಿದ್ದ. ಹೆಂಡತಿ ಪಕ್ಕಕ್ಕೆ ಹಾಕಿದ ಪರದೆ ಬಟ್ಟೆಯ ತುಂಡುಗಳನ್ನು ಕೇಳಿ ಪಡೆದು ನೆಲಕ್ಕೆಲ್ಲ ಹಾಸಿದ. ಕಾಗದದ ಲೋಟಗಳನ್ನು ಕವುಚಿ ಅವುಗಳ ಕೆಳಗೆ ಸೊಪ್ಪು ಬಚ್ಚಿಟ್ಟ. ತಾನೇ ಒಂದು ಲೋಟವನ್ನು ಮೂಗಿನಿಂದ ತಳ್ಳಿ ತೋರಿಸಿದ. ಐವತ್ತರ ಗಂಡಸು ಮೊಣಕಾಲೂರಿ ಮನೆ ತುಂಬ ತೆವಳುವುದನ್ನು ಕಂಡು ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಮೊಲ ಒಂದು ಬಿಟ್ಟು ಮನೆಮಂದಿಯೆಲ್ಲ ವ್ಯಾಯಾಮ ಮಾಡ್ತಿದೀರಿ!"

ಮಗಳೂ ನಕ್ಕಳು. ಆ ನಗು ತನಗೂ ಸೇರಿದ್ದೆಂದು ಅವನಿಗೆ ಹಿತವಾಯಿತು. ಹುರುಪಿನಲ್ಲಿ ಮೊಲವನ್ನು ಎತ್ತಿ ಸುರಂಗದ ಬಾಯಿಗೆ ತಂದು ಕೂರಿಸಿದ. ಎತ್ತಿದಾಗ ಅದು ಎಂದಿನಂತೆ ತಣ್ಣಗೆ ಎದೆಗೆ ಅಂಟಿಕೊಂಡಿತು. "ನೋಡು, ಹೇಗೆ ಕೂತಿದೆ," ಎಂದ ಮಗಳಿಗೆ. ಇಳಿಸಿದ ಮೇಲೂ ಅದು ಹಾಗೆಯೇ ಕೂತಿತು. ಲೋಟಗಳ ಕೆಳಗಿನ ಸೊಪ್ಪನ್ನು ಬೆಳಿಗ್ಗೆ ಬಾಡಿದ ಸ್ಥಿತಿಯಲ್ಲಿ ಹೆಂಡತಿ ಗುಡಿಸಿ ಹಾಕಿದಳು.

ಹತ್ತು ದಿನ ಹೀಗೇ ನಡೆಯಿತು. ಮೊಲ ಇನ್ನಷ್ಟು ಸೊರಗಿತು. ಡಾಕ್ಟರಮ್ಮ ಕೊಟ್ಟ ಔಷಧಿಯ ಹನಿಯನ್ನು ಕುಡಿಸಲು ಅವನೇ ಹಿಡಿದುಕೊಂಡ. ಮಗಳು ಹನಿ ಹಾಕಿದಳು, ಅವನ ಕಣ್ಣು ನೋಡದೆ.

ಹನ್ನೊಂದನೆಯ ದಿನ ಕಂಪನಿಗೆ ತಪಾಸಣೆಯವರು ಬಂದರು. ಗೂಡುಗಳನ್ನೆಲ್ಲ ಇನ್ನೊಮ್ಮೆ ತೊಳೆದು ಹೊರಡುವಾಗ ತಡವಾಗಿತ್ತು. ಅವನು ಮನೆಯ ಮೆಟ್ಟಿಲು ಹತ್ತುವಾಗ ಏಳು ಗಂಟೆ. ಎರಡನೆಯ ಮಹಡಿಯ ತಿರುವಿನಲ್ಲಿ ಮಗಳ ನಗು ಕೇಳಿಸಿತು. ಮೊನ್ನೆಯದಲ್ಲ, ಉಸಿರು ಸಿಕ್ಕಿಕೊಂಡು ಮತ್ತೆ ಮತ್ತೆ ಚಿಮ್ಮುವ ನಗು. ಅದರ ನಡುವೆ ಹೆಂಡತಿಯ ದನಿ: "ಅಯ್ಯೋ, ನನ್ನ ದಾರದ ಉಂಡೆ! ಹಿಡಿಯೇ ಅದನ್ನ!" ಜೊತೆಗೆ ನೆಲದ ಮೇಲೆ ದಡಬಡ ಸದ್ದು.

ಆ ಗದ್ದಲದಲ್ಲಿ ಅವನು ಬಂದದ್ದು ಒಳಗೆ ಯಾರಿಗೂ ಕೇಳಿಸಿರಲಿಲ್ಲ. ಮೆಟ್ಟಿಲ ಬದಿಯ ಕಿಟಕಿಯ ಬಾಗಿಲು ಅರ್ಧ ತೆರೆದಿತ್ತು. ಅವನು ಇಣುಕಿದ.

ಸುಣ್ಣ ಓಡುತ್ತಿತ್ತು. ಮಷಿನ್ನಿನ ಸುತ್ತ ಒಂದು ಸುತ್ತು, ಸುರಂಗದ ಒಳಗೆ ಹೊಕ್ಕು ಆಚೆ ಹೊರಗೆ, ಲೋಟಗಳೆಲ್ಲ ಚೆಲ್ಲಾಪಿಲ್ಲಿ. ಕೋಣೆಯ ನಡುವೆ ಬಂದು ಇದ್ದಕ್ಕಿದ್ದಂತೆ ಮೇಲಕ್ಕೆ ನೆಗೆಯಿತು. ಗಾಳಿಯಲ್ಲೇ ಸೊಂಟ ಒಂದು ಕಡೆ, ತಲೆ ಒಂದು ಕಡೆ ತಿರುಚಿ, ಕಾಲು ಝಾಡಿಸಿ, ಇಳಿದು, ಮತ್ತೆ ಓಡಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮೊಲಗಳನ್ನು ಅವನು ಹಿಡಿದಿದ್ದನೋ ಲೆಕ್ಕವಿರಲಿಲ್ಲ. ಮೊಲ ಹೀಗೆ ನೆಗೆಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಖುಷಿಯಲ್ಲಿ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ.

ಮೊಲ ಹಿಂಗಾಲಿನಿಂದ ನೆಲಕ್ಕೆ ಒಮ್ಮೆ ಬಲವಾಗಿ ಗುದ್ದಿತು. ಆಮೇಲೆ ಕಿವಿ ಬೆನ್ನಿಗೆ ಅಂಟಿಸಿ, ಇದ್ದ ಜಾಗದಲ್ಲೇ ಕುಸಿದು ಕೂತಿತು.

"ಅಪ್ಪಾ, ಈಗ ತಾನೇ..." ಎಂದ ಮಗಳು ಮಾತು ನಿಲ್ಲಿಸಿ ಮೊಲವನ್ನು ನೋಡಿದಳು, ಅವನನ್ನು ನೋಡಿದಳು. "ಸುಸ್ತಾಗಿರಬೇಕು ಅದಕ್ಕೆ. ತುಂಬ ಹೊತ್ತು ಓಡಿತು."

"ಹೌದು, ಸುಸ್ತಾಗಿರುತ್ತೆ," ಎಂದ ಅವನು.

ಮಗಳು ಒಳಕೋಣೆಗೆ ಹೋದ ಮೇಲೆ ಹೆಂಡತಿಯನ್ನು ಕೇಳಿದ. ಅವಳು ದಾರದ ಉಂಡೆ ಸುತ್ತುತ್ತಲೇ ಹೇಳಿದಳು.

"ಹೇಳಬಾರದು ಅಂದ್ಕೊಂಡಿದ್ದೆ. ಒಂದು ವಾರದಿಂದ ನೋಡ್ತಾ ಇದೀನಿ. ಐದೂವರೆಗೆ ಮೈಮುರಿದು ಏಳುತ್ತೆ, ಅತ್ತ ಇತ್ತ ಮೂಸುತ್ತೆ. ಅಷ್ಟರಲ್ಲಿ ಕೆಳಗಿನ ಗೇಟಿನ ಸದ್ದು, ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿ ಸದ್ದು. ಮತ್ತೆ ಮೂಲೆಗೆ ಹೋಗಿ ಕೂತುಬಿಡುತ್ತೆ."

"ಬೆಳಿಗ್ಗೆ?"

"ಬೆಳಿಗ್ಗೆ ನೀವು ಹೊರಡೋವರೆಗೂ ಅಷ್ಟೇ. ಆಮೇಲೆ ಅದಕ್ಕೂ ನಿದ್ದೆ ಹೊತ್ತು ಬಂದಿರುತ್ತೆ."

ಅವನು ಕೆಲವು ದಿನ ತನ್ನ ಕೈಲಾದ ಉಪಾಯ ಮಾಡಿದ. ಕಂಪನಿಯಲ್ಲೇ ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಬಂದ. ಸೋಪು ಬದಲಾಯಿಸಿದ. ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತಿದ. ಮುಟ್ಟುವುದಿಲ್ಲ, ಮಾತಾಡುವುದಿಲ್ಲ ಎಂದು ದೂರದ ಗೋಡೆಗೆ ಒರಗಿ ಕೂತ. ಮೊಲಕ್ಕೆ ಅದಾವುದರಿಂದಲೂ ವ್ಯತ್ಯಾಸವಾಗಲಿಲ್ಲ.

ಶನಿವಾರ ಕೆಲಸದಲ್ಲಿ ಒಂದು ಎಳೆ ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಅದು ಕದಲಲಿಲ್ಲ. "ಅಣ್ಣನ ಕೈಗೆ ಬಂದ್ರೆ ಮುಗೀತು, ಮಿಸುಕೋದೇ ಇಲ್ಲ ನೋಡಿ," ಎಂದ ಬಿಳಿ ಕೋಟಿನವನು ಪಕ್ಕದವನಿಗೆ. ಮೊಲವನ್ನು ಹಿಡಿದಿದ್ದ ಅವನ ಹೆಬ್ಬೆರಳು ಅದರ ಎದೆಯ ಮೇಲಿತ್ತು. ಅಲ್ಲಿ ಗುಂಡಿಗೆ ಎಣಿಸಲಾಗದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು. ಯಾವಾಗಲೂ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಮೊಲದ ಗುಂಡಿಗೆ ಇರುವುದೇ ಹಾಗೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಮೊಲವನ್ನು ಗೂಡಿಗೆ ಬಿಟ್ಟು ಟವೆಲ್ಲನ್ನು ಮಡಚಿದ. ಮಡಿಕೆ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೊಮ್ಮೆ ಮಡಚಿದ.

"ಮುಂದಿನದು ತಗೊಳ್ಳಿ ಅಣ್ಣಾ," ಎಂದರು.

ತೆಗೆದುಕೊಂಡ.

ಅಂದು ಊಟಕ್ಕೆ ಕೂತಾಗ ಮಗಳಿಗೆ ಹೇಳಿದ, "ಕಂಪನಿಯಲ್ಲಿ ಕೆಲಸ ಜಾಸ್ತಿಯಾಗಿದೆ. ಇನ್ನು ಮೇಲೆ ನಾನು ಬರೋದು ಏಳೂವರೆ ಆಗಬಹುದು."

ಮಗಳ ಕೈ ತಟ್ಟೆಯಲ್ಲೇ ನಿಂತಿತು. "ದಿನಾನೂನಾ?"

"ದಿನಾನೂ."

ಅವಳು ಮೂಲೆಯತ್ತ ನೋಡಿದಳು. ಮೊಲ ಗೋಡೆಗೆ ಮೈ ಒತ್ತಿ ಕೂತಿತ್ತು. ಬೇಡ ಎನ್ನುತ್ತಾಳೇನೋ ಎಂದು ಅವನು ಕಾದ.

"ನೀನು ಸಂಜೆ ಏನಾದ್ರೂ ತಿನ್ನು ಅಪ್ಪಾ. ಹಸ್ಕೊಂಡಿರಬೇಡ," ಎಂದಳು ಅವಳು.

ಸೋಮವಾರ ಅವನು ಎಂದಿನ ಬಸ್ಸಿಗೇ ಬಂದು, ಎಂದಿನ ಹೊತ್ತಿಗೇ ಇಳಿದ. ರಸ್ತೆ ದಾಟಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರು ಮೂರನೆಯ ಮಹಡಿಯಲ್ಲಿ ಮನೆಯ ದೀಪ ಹತ್ತಿತು. ಪರದೆಯ ಮೇಲೆ ಮಗಳ ನೆರಳು ಬಗ್ಗಿತು, ಮಾಯವಾಯಿತು, ಇನ್ನೊಂದು ಬದಿಯಲ್ಲಿ ಎರಡೂ ಕೈ ಮೇಲೆತ್ತಿಕೊಂಡು ಎದ್ದಿತು. ವಾಹನಗಳ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಊರಾಚೆ ಹೋಗುವ ಬಸ್ಸೊಂದು ಬಂದು ಅವನ ಮುಂದೆ ನಿಂತಿತು. ಬಾಗಿಲು ತೆರೆದುಕೊಂಡಿತು. ಡ್ರೈವರ್ ಬಗ್ಗಿ ನೋಡಿ, ಬರುತ್ತೀರಾ ಎಂಬಂತೆ ಹುಬ್ಬೇರಿಸಿದ. ಅವನು ಕೈಯಾಡಿಸಿ ಇಲ್ಲವೆಂದ. ಬಸ್ಸು ಸರಿದು ಕಿಟಕಿ ಮತ್ತೆ ಕಾಣುವವರೆಗೆ ಕತ್ತು ಚಾಚಿಕೊಂಡು ಕೂತಿದ್ದ.