ಹುಲ್ಲುಕಡ್ಡಿ ಒಳಗೆ ಬಂದ ದಿನ

ನಾನೊಂದು ತೂಬಿನ ಹಲಗೆ. ಮತ್ತಿಮರದ ಹೊಟ್ಟೆಯಿಂದ ಬಂದವನು. ನಾಲ್ಕು ಬೆರಳು ದಪ್ಪ, ಸಿಟ್ಟು ಅದಕ್ಕಿಂತ ದಪ್ಪ. ಕುಮಟೆಯ ಕಡೆ ಹೊಳೆ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ, ಉಬ್ಬರದ ನೀರಿಗಿಂತ ತಗ್ಗಿನಲ್ಲಿರುವ ಗದ್ದೆಗಳು. ಅವಕ್ಕೂ ಉಪ್ಪುನೀರಿಗೂ ನಡುವೆ ಒಂದು ಮಣ್ಣಿನ ಕಟ್ಟೆ, ಕಟ್ಟೆಗೊಂದು ಬಾಯಿ, ಆ ಬಾಯಿಗೆ ನಾನು. ಬಡಗಿ ನನ್ನನ್ನು ಕೊಯ್ದು, ಉಜ್ಜಿ, ಎರಡು ಕಲ್ಲುಕಂಬಗಳ ಸಂದಿನಲ್ಲಿ ಇಳಿಬಿಟ್ಟ ದಿನವೇ ಸಮುದ್ರ ಬಂದು ನನ್ನ ಮುಖಕ್ಕೆ ಉಗಿಯಿತು. ಅಂದಿನಿಂದ ನಮ್ಮಿಬ್ಬರಿಗೆ ಆಗಿಬರುವುದಿಲ್ಲ.

ನನ್ನ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಉಬ್ಬರದಲ್ಲಿ ಮುಚ್ಚಿಕೊಂಡಿರುವುದು, ಇಳಿತದಲ್ಲಿ ಮೇಲೇಳುವುದು. ಗದ್ದೆಯ ಮಳೆನೀರು ಹೊರಗೆ ಹೋಗಬೇಕು, ಸಮುದ್ರ ಒಳಗೆ ಬರಬಾರದು. ಹಗ್ಗ ಹಿಡಿದು ನನ್ನನ್ನು ಎತ್ತುತ್ತಿದ್ದವರು ಬೊಮ್ಮ ಗೌಡ ಮತ್ತು ಅವನ ಹೆಂಡತಿ ತುಳಸು. ಎತ್ತುವ ಮೊದಲು ತುಳಸು ಕಟ್ಟೆಯ ಮೇಲಿಂದ ಬಗ್ಗಿ ಹೊರಗಿನ ನೀರಿಗೆ ಒಂದು ಹುಲ್ಲುಕಡ್ಡಿ ಬಿಡುವಳು. ಕಡ್ಡಿ ಸಮುದ್ರದ ಕಡೆ ತೇಲಿದರೆ, 'ಎತ್ತು'. ಒಳಮುಖವಾಗಿ ಬಂದರೆ, 'ತಡಿ'. ಬೊಮ್ಮ ಗೌಡ ಒಂದು ದಿನವೂ ಅವಳ ಮಾತು ಮೀರಲಿಲ್ಲ. ಹೆಂಡತಿಯ ಮಾತು ಕೇಳುವವನೆಂದು ಊರು ನಕ್ಕಿತು, ನಗಲಿ ಬಿಡಿ, ಗದ್ದೆ ಮಾತ್ರ ಉಪ್ಪಾಗಲಿಲ್ಲ.

ಬೊಮ್ಮ ಗೌಡ ಜ್ವರದಲ್ಲಿ ತೀರಿಕೊಂಡ. ಹನ್ನೊಂದನೆಯ ದಿನವೂ ಕಳೆದಿರಲಿಲ್ಲ, ಅವನ ತಮ್ಮ ಮಾಸ್ತಿ ಬಂದು ಹಗ್ಗ ಕೈಗೆತ್ತಿಕೊಂಡ.

"ತೂಬು ನಾನು ನೋಡ್ಕಂತೆ ಅತ್ಗೆ."

"ನೋಡು. ಕಡ್ಡಿ ನಾ ಬಿಡ್ತೆ," ಎಂದು ತುಳಸು ಹುಲ್ಲು ಮುಂದೆ ಚಾಚಿದಳು.

"ಎಂತಾ ಕಡ್ಡಿ? ಗೋಡೆ ಮೇಲೆ ಪಂಚಾಂಗ ತೂಗಾಡ್ತದೆ. ತಿಥಿ ಎಣಿಸಿದ್ರೆ ಇಳಿತ ಎಷ್ಟೊತ್ತಿಗೆ ಅಂತ ಬೆರಳ ತುದೀಲಿ ಬರ್ತದೆ. ಹೆಂಗಸರ ಹುಲ್ಲಾಟಕ್ಕೆ ಊರಿನ ಗದ್ದೆ ಕೊಡೂಕೆ ಆಗ್ತದಾ?"

ಅವಳು ಹುಲ್ಲನ್ನು ಅಲ್ಲೇ ಎಸೆದು ಹೋದಳು. ಏಳು ವರ್ಷ ಇಬ್ಬರಿಗೂ ಮಾತಿಲ್ಲ. ಎದುರಾದರೆ ಇವನು ಕೆಮ್ಮುವನು, ಅವಳು ಉಗಿಯುವಳು. ನಡುವೆ ನಾನು, ಎರಡೂ ಕಡೆಯಿಂದ ಕೊಳೆಯುತ್ತಾ. ಕರ್ಮ!

ಮಾಸ್ತಿಯ ಎಣಿಕೆ ಏಳು ವರ್ಷ ಒಮ್ಮೆಯೂ ತಪ್ಪಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಸುಳ್ಳೇಕೆ? ಅದರಿಂದಲೇ ಅವನು ಕೆಟ್ಟ.

ಏಳು ವರ್ಷ ತುಂಬಿದ ದೀಪಾವಳಿಗೆ ಕಗ್ಗದ ಭತ್ತ ಆಳೆತ್ತರ ನಿಂತಿತ್ತು. ತುಳಸುವಿನ ಗದ್ದೆ ನನ್ನ ಕಾಲಬುಡದಲ್ಲೇ, ಎಲ್ಲರಿಗಿಂತ ತಗ್ಗಿನಲ್ಲಿ. ಅವಳ ವರ್ಷದ ಅನ್ನವೂ ಮುಂದಿನ ಬಿತ್ತನೆಯ ಬೀಜವೂ ಅದರಲ್ಲೇ. ಹಬ್ಬ ಮುಗಿದ ಮೇಲೆ ಕೊಯ್ಲು ಎಂದಿದ್ದಳು. ಅಷ್ಟರಲ್ಲಿ ದೂರದ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಮೂರು ದಿನ ಬಿಡದೆ ಮಳೆ. ಗದ್ದೆಯ ನೀರು ತೆನೆ ಮುಟ್ಟುವಂತಾಯಿತು.

ಅಮಾವಾಸ್ಯೆಯ ದಿನ ಉಬ್ಬರ ಹೇಗೂ ದೊಡ್ಡದು. ಅದಕ್ಕೊಂದು ಲೆಕ್ಕವಿದೆ, ಬಂದಷ್ಟೇ ಹೊತ್ತಿನಲ್ಲಿ ಹೋಗುತ್ತದೆ. ಆದರೆ ಆ ದರಿದ್ರ ಗಾಳಿ ಎರಡು ದಿನದಿಂದ ಸಮುದ್ರವನ್ನು ದಡದ ಕಡೆ ದೂಡುತ್ತಲೇ ಇತ್ತು. ಚಂದ್ರ ಇಳಿಸಿದಷ್ಟನ್ನು ಗಾಳಿ ಮತ್ತೆ ಏರಿಸಿ ಪೇರಿಸುತ್ತಿತ್ತು. ಮೇಲಿನಿಂದ ಬಂದ ಹೊಳೆನೀರಿಗೆ ಅಳಿವೆಯಲ್ಲಿ ದಾರಿಯಿಲ್ಲ, ಅದೂ ತಿರುಗಿ ನಮ್ಮ ಕಡೆಗೇ ಬಂತು. ಮೂರೂ ಸೇರಿ ನನ್ನ ಎದೆಗೆ ಒರಗಿದಾಗ ನನ್ನ ನಾರುನಾರೂ ಕಿರುಗುಟ್ಟಿತು.

ಮಧ್ಯಾಹ್ನ ಮೂರರ ಸುಮಾರಿಗೆ ಮಾಸ್ತಿ ಕಂಬಳಿ ಹೊದ್ದು ಬಂದ. ಬೆರಳು ಎಣಿಸಿದ. "ಇಳಿತ ಶುರುವಾಗಿ ನಾಲ್ಕು ತಾಸಾಯ್ತು," ಎಂದು ತನಗೆ ತಾನೇ ಹೇಳಿಕೊಂಡು ಒಳಬದಿಯಿಂದಲೇ ಹಗ್ಗ ಹಿಡಿದ. ಕಟ್ಟೆ ಹತ್ತಿ ಹೊರಗೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಕಟ್ಟೆಯ ಮೇಲೆ ತುಳಸು ನಿಂತಿದ್ದಳು. ಆಗಲೇ ಕಡ್ಡಿ ಬಿಟ್ಟಿದ್ದಳು. ಅದು ನೆಟ್ಟಗೆ ಒಳಮುಖವಾಗಿ ಬಂದು ನನ್ನ ಮೂಗಿಗೆ ಬಡಿಯಿತು.

"ಎತ್ತಬೇಡ್ವೋ ಮಾಸ್ತೀ! ಕಡ್ಡಿ ಒಳಗೆ ಬರ್ತದೆ! ನೀರು ಇಳಿದೇ ಇಲ್ಲ!"

ಏಳು ವರ್ಷದ ಮೇಲೆ ಆಡಿದ ಮೊದಲ ಮಾತು. ಅವನಿಗೆ ಅದು ಹಗೆಯ ಮಾತಾಗಿ ಕೇಳಿಸಿತು. ಅವಳತ್ತ ತಿರುಗಿಯೂ ನೋಡದೆ, ಹಲ್ಲು ಕಚ್ಚಿ ಎಳೆದ. ನಾನು ಕಲ್ಲಿಗೆ ಕಚ್ಚಿಕೊಂಡೆ, ಆಣೆಗೂ ಕಚ್ಚಿಕೊಂಡೆ! ಎರಡು ಬಾರಿ ಸೋತ, ಮೂರನೆಯ ಬಾರಿ ನನ್ನನ್ನು ಎತ್ತಿಯೇಬಿಟ್ಟ.

ಸಮುದ್ರ ನನ್ನ ಕಾಲಡಿಯಿಂದ ನುಗ್ಗಿತು. ಮಾಸ್ತಿ "ಅಯ್ಯಯ್ಯೋ" ಎಂದು ನನ್ನ ಮೇಲೆ ಹತ್ತಿ ಕುಣಿದು ತುಳಿದ. ನೀರಿನ ಹೊಡೆತಕ್ಕೆ ಓರೆಯಾಗಿ ಸಿಕ್ಕಿಕೊಂಡಿದ್ದ ನಾನು ಇಳಿಯಲಿಲ್ಲ, ಉದ್ದಕ್ಕೆ ಸೀಳಿ ಎರಡಾದೆ. ಸಂಜೆಯೊಳಗೆ ಊರಿನ ಗದ್ದೆಯೆಲ್ಲ ಸಮುದ್ರ. ಕಗ್ಗ ಉಪ್ಪು ತಡೆಯುವ ಭತ್ತವೇ, ಆದರೆ ತೆನೆ ಮುಳುಗಿ ಐದು ದಿನ ಉಪ್ಪುನೀರಿನಲ್ಲಿ ಯಾವುದು ಉಳಿದೀತು? ತುಳಸು ಕಟ್ಟೆಯ ಮೇಲೆ ಕೂತು ತನ್ನ ಗದ್ದೆ ನೋಡಿದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ನನ್ನ ಜಾಗಕ್ಕೆ ಕಬ್ಬಿಣದ ಬಾಗಿಲು ಬಂತು, ಎತ್ತುವ ಹಗ್ಗ ಮಾತ್ರ ಅದೇ. ನನ್ನ ಒಂದು ಸೀಳು ಯಾರದೋ ಒಲೆಗೆ ಹೋಯಿತು. ಇನ್ನೊಂದನ್ನು ತುಳಸು ಎಳೆದು ತಂದು ತೂಬಿನ ಪಕ್ಕದ ಕಾಲುವೆಗೆ ಕಾಲುಸಂಕ ಹಾಕಿದಳು. ಈಗ ಎಲ್ಲರೂ ನನ್ನನ್ನು ತುಳಿದೇ ಹೋಗುತ್ತಾರೆ. ಮುದಿತನದಲ್ಲಿ ಇದೊಂದು ಬಾಕಿಯಿತ್ತು.

ಮುಂದಿನ ಅಮಾವಾಸ್ಯೆ. ಮಾಸ್ತಿ ಬಂದು ನನ್ನ ಮೇಲೆ ನಿಂತ. ಹಗ್ಗ ಮುಟ್ಟಲಿಲ್ಲ. ಗದ್ದೆಗಿಳಿದು ಹುಲ್ಲು ಹುಡುಕಿದ. ಅಲ್ಲಿದ್ದದ್ದೆಲ್ಲ ಕೊಳೆತ ಕಪ್ಪು ಹುಲ್ಲು, ಹಿಡಿದರೆ ಕೈಯಲ್ಲೇ ಕರಗಿತು. ಕಡೆಗೆ ನನ್ನ ಕಣ್ಣಳತೆಯಲ್ಲೇ ಇದ್ದ ತುಳಸುವಿನ ಅಂಗಳಕ್ಕೆ ನಡೆದ. ಹೋದ ವರ್ಷದ ಒಣಹುಲ್ಲಿನ ಕಟ್ಟೊಂದು ಅವಳ ಮಾಡಿನಡಿ ಇತ್ತು.

"ಅತ್ಗೇ, ಒಂದು ಹುಲ್ಲುಕಡ್ಡಿ ಕೊಡು."

"ಅವತ್ತು ಕೊಟ್ಟಿದ್ನಲ್ಲ. ಬೇಡಾಗಿತ್ತಲ್ದಾ?"

ಅವಳು ಕಟ್ಟಿನಿಂದ ಒಂದು ಕಡ್ಡಿ ಎಳೆದಳು, ಅವನ ಕೈಗೆ ಮಾತ್ರ ಕೊಡಲಿಲ್ಲ. ತಾನೇ ಮುಂದೆ ನಡೆದು ಬಂದು, ನನ್ನ ಮೇಲೆ ಕಾಲೂರಿ ದಾಟಿ, ಕಟ್ಟೆ ಹತ್ತಿ, ಬಗ್ಗಿ ಕಡ್ಡಿ ಬಿಟ್ಟಳು. ಮಾಸ್ತಿ ಕೆಳಗೆ ಹಗ್ಗ ಹಿಡಿದು ಅವಳ ಬಾಯನ್ನೇ ನೋಡುತ್ತಾ ಕಾದ.

"ತಡಿ," ಎಂದಳು.

ಅವನು ತಡೆದ.