ಮನೆಯಲ್ಲಿ ಕರೆಯುವ ಹೆಸರು

ಕಾರು ನಿಲ್ಲುವ ಮೊದಲೇ ಸುಲೋಚನಮ್ಮ ಬಾಗಿಲಿಗೆ ಕೈಹಾಕಿದರು. ಬೆಳಿಗ್ಗೆ ವಿಜಯವಾಡದ ಮನೆಯಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದಾಗ, ತಮ್ಮ ಡಾಕ್ಟರ್ ಚಂದ್ರಮೌಳಿ ಹೋದನೆಂದು ವಿಶಾಖಪಟ್ಟಣದಿಂದ ಫೋನು ಬಂದಿತ್ತು. ದಾರಿಯುದ್ದಕ್ಕೂ ಅವರು ಬೇಡಿಕೊಂಡದ್ದು ಒಂದೇ. ತಾನು ಬರುವ ತನಕ ಅವನನ್ನು ಎತ್ತದಿರಲಿ. ಅವನ ಕಿವಿಯಲ್ಲಿ ಒಂದು ಸಲ ಕೂಗಬೇಕು.

ಮಧುರವಾಡದ ಅಪಾರ್ಟ್‌ಮೆಂಟಿನ ಕೆಳಗೆ ಚಟ್ಟ ಸಿದ್ಧವಾಗಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕೆಂದು ಪುರೋಹಿತರು ಅವಸರಪಡಿಸುತ್ತಿದ್ದರು. ಚಂದ್ರಮೌಳಿಯ ಮಗ ವಿನಾಯಕ ಒದ್ದೆ ಪಂಚೆಯಲ್ಲಿ ನಿಂತಿದ್ದ.

"ಅತ್ತಾ, ಪಂತುಲುಗಾರು ಲೇಟಾಗ್ತಿದೆ ಅಂತಿದಾರೆ."

"ಕೊನೇಲಿ ಅವನನ್ನ ಯಾರಾದ್ರೂ ಕರೆದ್ರೇನೋ?"

ವಿನಾಯಕ ತಂದೆಯ ಐಸಿಯುವಿನ ನರ್ಸ್ ಗಂಗಾಭವಾನಿಯ ಕಡೆ ನೋಡಿದ. ರೌಂಡ್ಸಿನಲ್ಲಿ ನಿಂತಲ್ಲೇ ಕುಸಿದರೆಂದು ಆಕೆ ತೆಲುಗಿನಲ್ಲಿ ಹೇಳಿದಳು. ಎದೆ ಒತ್ತುತ್ತ ಎಲ್ಲರೂ ಕರೆದರಂತೆ. ಏನೆಂದು ಕರೆದಿರಿ ಎಂದು ಸುಲೋಚನಮ್ಮ ಕೇಳಿದರು.

"ಸಾರ್ ಅಂತ, ಅಮ್ಮಾ."

ಸುಲೋಚನಮ್ಮ ತಮ್ಮನ ಬಳಿಗೆ ನಡೆದರು.

*

ಐದು ವರ್ಷದ ಹಿಂದೆ, ಎರಡು ಸಾವಿರದ ಹದಿನಾಲ್ಕರಲ್ಲಿ, ಚಂದ್ರಮೌಳಿ ವಿಜಯವಾಡದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ; ತೆಲುಗು ಇನ್ನೂ ಅರೆಬರೆ. ಆಟೋನಗರದಲ್ಲಿ ಲಾರಿಯ ಮೇಲಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನೊಬ್ಬ ಅಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಆ ಕತೆಯನ್ನು ಅಕ್ಕನ ಅಡುಗೆಮನೆಯಲ್ಲಿ ಕೂತು ತಾನೇ ನಗುತ್ತ ಹೇಳಿದ್ದ.

"ಮನೇಲಿ ಏನಂತ ಕರೀತೀರಿ ಅಂತ ಕೇಳೋಕೆ ಹೋಗಿ, 'ಇಂಟಿ ಪೇರು' ಏನು ಅಂದುಬಿಟ್ಟೆ ಕಣಕ್ಕ. ಮನೆ ಹೆಸರು ಅಂದ್ರೂ ತೆಲುಗಲ್ಲಿ ಅದು ವಂಶದ ಹೆಸರು. ದಿನಗಟ್ಟಲೆ ಆ ಹುಡುಗನ ಕಿವೀಲಿ ಅವರ ವಂಶಾನೇ ಕೂಗಿದೀನಿ."

ಕಡೆಗೆ ತಾಯಿಯೇ ಬಗ್ಗಿ "ಚಿಟ್ಟೀ" ಎಂದಾಗ ಹುಡುಗನ ಬೆರಳು ಅಲುಗಿತು. ಆಮೇಲೆ ಚಂದ್ರಮೌಳಿಯ ಸಂಶೋಧನೆಯೆಲ್ಲ ಪ್ರಜ್ಞೆ ತಪ್ಪಿದವರನ್ನು ಮನೆಯ ಹೆಸರಿನಿಂದ ಕರೆಯುವುದರ ಸುತ್ತಲೇ ನಡೆಯಿತು. ವಿಶಾಖಪಟ್ಟಣದಲ್ಲಿ ದೊಡ್ಡ ಹೆಸರಾಯಿತು. ಯಾವ ಹೊತ್ತಿನಲ್ಲಿ ಫೋನು ಬಂದರೂ ಎದ್ದು ಓಡುತ್ತಿದ್ದ. ಅವನ ಐಸಿಯುವಿನಲ್ಲಿ ಯಾರ ಹಾಸಿಗೆಯ ಬಳಿಯೂ ಆಸೆಯಿಲ್ಲವೆಂಬ ಮಾತು ಆಡುವಂತಿರಲಿಲ್ಲ. "ಕಿವಿ ಎಲ್ಲಕ್ಕಿಂತ ಕೊನೇಗೆ ಮುಚ್ಚೋದು ಅಕ್ಕ" ಎನ್ನುತ್ತಿದ್ದ.

*

ಸುಲೋಚನಮ್ಮ ತಮ್ಮನ ಪಕ್ಕದಲ್ಲಿ ಕುಕ್ಕರಿಸಿ, ಅವನ ಕಿವಿಯಲ್ಲಿಟ್ಟಿದ್ದ ಹತ್ತಿಯನ್ನು ತೆಗೆದರು. ಯಾರೂ ತಡೆಯಲಿಲ್ಲ.

"ಪುಟ್ಟೂ. ಏಳೋ. ಅಕ್ಕ ಬಂದಿದೀನಿ."

ಆ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೆಂಡತಿ ರಾಜ್ಯಲಕ್ಷ್ಮಿ ತಲೆಯೆತ್ತಿ ನೋಡಿದಳು. ಸುಲೋಚನಮ್ಮನ ಕಣ್ಣು ಅವನ ಬೆರಳಿನ ಮೇಲೆಯೇ ನೆಟ್ಟಿತ್ತು. ಇನ್ನೊಮ್ಮೆ ಕರೆದರು. ಮತ್ತೂ ಒಮ್ಮೆ, ಶಾಲೆಗೆ ಹೊತ್ತಾದಾಗ ಗದರುತ್ತಿದ್ದ ಹಾಗೆ. ಬೆರಳು ಹಾಗೆಯೇ ಇತ್ತು.

ಗಂಗಾಭವಾನಿ ಬಿಕ್ಕಿದಳು. ಪುರೋಹಿತರು ಮಂತ್ರ ನಿಲ್ಲಿಸಿ ಬೇರೆಡೆ ನೋಡುತ್ತಿದ್ದರು.

ಸುಲೋಚನಮ್ಮ ಅವನ ಕೂದಲನ್ನು ಕೈಯಿಂದ ಓರಣ ಮಾಡಿದರು. ಆಮೇಲೆ ಹತ್ತಿಯನ್ನು ಬೆರಳಲ್ಲಿ ಹೊಸೆದು, ನೋಯದ ಹಾಗೆ, ಮತ್ತೆ ಅವನ ಕಿವಿಗೆ ಇಟ್ಟರು. ಸಿಂಹಾಚಲದ ದಿಕ್ಕಿಗೆ ಕೈಮುಗಿದರು.

"ಅಪ್ಪಾ ನರಸಿಂಹಾ, ಮಗು ಮಲಗಿದೆ. ಇನ್ನು ಯಾರೂ ಎಬ್ಬಿಸದ ಹಾಗೆ ನೋಡ್ಕೋ."