ಹೂತೊಟ್ಟಿಯಲ್ಲಿ ತಿರುಗುವ ಪದ

ನಮ್ಮ ಕಟ್ಟಡಕ್ಕೆ ಒಂದು ಲಿಫ್ಟ್ ಬಾಕಿ ಇದೆ. ಕೊಡಬೇಕಾದವರು ಎಲ್ಲೋ ದೂರದ ಊರಿನ ಗಾಜಿನ ಕಚೇರಿಯಲ್ಲಿ ಕೂತ ಒಡೆಯರು. ಪಡೆಯಬೇಕಾದವರು ರೋಸ್ಟಾಕ್ ಬಂದರಿನ ಹೊರವಲಯದ ಕಾಂಕ್ರೀಟ್ ಗೋಪುರವೊಂದರಲ್ಲಿ ಬಾಡಿಗೆಗಿರುವ ನಾವು. ಹಳೆಯ ಲಿಫ್ಟ್ ಕ್ರಿಸ್‌ಮಸ್‌ಗೆ ಮುಂಚೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. ಬಿಡಿಭಾಗ ಬರಬೇಕು ಎಂದರು, ಆಮೇಲೆ ತಜ್ಞರು ಬರಬೇಕು ಎಂದರು, ಆಮೇಲೆ ಏನನ್ನೂ ಅನ್ನುವುದನ್ನೇ ಬಿಟ್ಟರು. ಈ ಬಾಕಿಯ ವಸೂಲಿಯನ್ನು ಯಾರೂ ಹೇಳದೆ ತನ್ನ ತಲೆಯ ಮೇಲೆ ಹಾಕಿಕೊಂಡವಳು ಐದನೇ ಮಹಡಿಯ ಎಲ್ಕೆ ಪಾಗೆಲ್.

ಎಲ್ಕೆಯನ್ನು ಹಿಂದಿನಿಂದ ನೋಡಿದರೂ ಗುರುತು ಹಿಡಿಯಬಹುದು. ಬಲ ಭುಜ ಮುಂದೆ, ದೇಹ ಅದರ ಹಿಂದೆ, ತಲೆ ಎಲ್ಲಕ್ಕಿಂತ ಕೊನೆಗೆ, ಹೀಗೆ ನಮ್ಮ ಕಣ್ಣಿಗೆ ಕಾಣದ ಬಾಗಿಲೊಂದನ್ನು ಸದಾ ತಳ್ಳುತ್ತಿರುವವಳಂತೆ ನಡೆಯುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಎರಡೂ ಕೈಗಳಲ್ಲಿ ಸೂಪಿನ ಹಂಡೆ ಹಿಡಿದು, ಭುಜದಿಂದಲೇ ಬಾಗಿಲು ತೆರೆಯುತ್ತ ಅರ್ಧ ಆಯುಷ್ಯ ಕಳೆದದ್ದರ ಫಲ ಅದು. ನಿವೃತ್ತಿಯಾಗಿ ಹಂಡೆ ಹೋಯಿತು, ಭುಜ ಮಾತ್ರ ಮರೆತಿಲ್ಲ. ಮೈಮೇಲೆ ಚಳಿ ಬೇಸಿಗೆ ಎನ್ನದೆ ಒಂದು ನೀಲಿ ಹೂವಿನ ನೈಲಾನ್ ಮೇಲಂಗಿ, ತೋಳಿಲ್ಲದ್ದು, ಮುಂದೆ ಗುಂಡಿ, ಎರಡು ಆಳವಾದ ಜೇಬು: ನಮ್ಮ ಪೂರ್ವ ಭಾಗದ ಹಳೆಯ ಸಮಾಜವಾದಿ ಗಣರಾಜ್ಯ ಸತ್ತು ಮಣ್ಣಾದ ಮೇಲೂ ಅದರ ಹೆಂಗಸರು ಕಳಚದೆ ಉಳಿಸಿಕೊಂಡ ಸಮವಸ್ತ್ರ. ಮೊದಲು ಆ ಜೇಬುಗಳಲ್ಲಿ ರುಚಿ ನೋಡುವ ಚಮಚ ಇರುತ್ತಿತ್ತು. ಈಗ ಸ್ಕ್ರೂಡ್ರೈವರು, ಬೆಸುಗೆಯ ತಂತಿ, ಸುಟ್ಟ ಬೆರಳಿಗೆ ಹಚ್ಚುವ ಮುಲಾಮು.

ಅವಳ ನಾಲಿಗೆಯ ತುದಿಯಲ್ಲಿ ಸದಾ ಕೂತಿರುವುದು ಒಂದೇ ಮಾತು: "ಸರಿ. ಆಮೇಲೆ?" ಇದು ಆಗುವ ಹೋಗುವ ಕೆಲಸವಲ್ಲ ಎಂದು ನೀವು ಕಾರಣಗಳನ್ನೆಲ್ಲ ಜೋಡಿಸಿ ಹೇಳಿ ದಣಿದು ಕೂತಾಗ ಅದು ಬರುತ್ತದೆ. ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬೀಳುವ ಮುಂಚಿನ ಆ ಶರತ್ಕಾಲದಲ್ಲಿ ಗುರುವಾರಗಳ ಸಂಜೆ ನಾವಿಬ್ಬರೂ ಮೇಣದಬತ್ತಿ ಹಿಡಿದು ಇಗರ್ಜಿಯಿಂದ ಹೊರಟ ಮೆರವಣಿಗೆಯಲ್ಲಿ ಇದ್ದವರು. ಮುಂದೆ ಕಾಲಿಟ್ಟರೆ ಹಿಡಿದು ಒಳಗೆ ಹಾಕುತ್ತೇವೆ ಎಂದ ಪೊಲೀಸಿನವನನ್ನೂ ಎಲ್ಕೆ ಅದನ್ನೇ ಕೇಳಿದ್ದಳು. ಅವನಿಗೆ ಆಮೇಲೆ ಏನೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಲಿಫ್ಟ್ ಸತ್ತಾಗ ನಾವು ರೂಢಿಯ ದಾರಿ ಹಿಡಿದೆವು. ಹಾಸಿಗೆಯ ಹೊದಿಕೆಯ ಮೇಲೆ ಲಿಫ್ಟ್ ಕೊಡಿ ಎಂದು ದಪ್ಪಕ್ಷರದಲ್ಲಿ ಬರೆದು ಎಲ್ಕೆಯ ಬಾಲ್ಕನಿಗೆ ಕಟ್ಟಿದೆವು. ಮರುದಿನ ಕಟ್ಟಡದ ಉಸ್ತುವಾರಿ ಹೆರ್ ಬೊಲ್ಟೆ ಮಂಡಿನೋವನ್ನು ಶಪಿಸುತ್ತ ಮೆಟ್ಟಿಲು ಹತ್ತಿ ಬಂದ. ಕಟ್ಟಡದ ನಿಯಮಾವಳಿ ಅವನಿಗೆ ಬಾಯಿಪಾಠ: ಕಂಬಿಯ ಹೊರಗೆ ಏನೂ ತೂಗಬಾರದು, ಗೋಡೆಗೆ ಏನೂ ಅಂಟಬಾರದು, ಒದ್ದೆ ಬಟ್ಟೆ ಕೂಡ ಕಂಬಿಗಿಂತ ಮೇಲೆ ಕಾಣಬಾರದು. ಒಳಬದಿಗೆ ಹೂತೊಟ್ಟಿ ಇಡಬಹುದು, ಅಷ್ಟೇ.

"ಹೂತೊಟ್ಟೀಲಿ ಏನು ಬೆಳೀಬೇಕು ಅಂತ ಬರೆದಿದ್ಯಾ?" ಎಲ್ಕೆ ಕೇಳಿದಳು.

"ಹೂವು ಬೆಳೀತಾರೆ ಫ್ರೌ ಪಾಗೆಲ್. ಇನ್ನೇನು ಆಲೂಗಡ್ಡೆ ಬೆಳೀತಾರಾ?"

"ಬರೆದಿದ್ಯಾ ಅಂತ ನಾನು ಕೇಳಿದ್ದು."

ಬರೆದಿರಲಿಲ್ಲ. ಹೆರ್ ಬೊಲ್ಟೆ ಹೊದಿಕೆಯನ್ನು ಮಡಿಸಿ ಕೈಗಿಟ್ಟು ಇಳಿದು ಹೋದ.

ಐದನೇ ಮಹಡಿಯವಳಿಗೆ ಲಿಫ್ಟ್ ಇಲ್ಲದಿದ್ದರೂ ನಡೆಯುತ್ತಿತ್ತು. ಅವಳ ಭುಜಕ್ಕೆ ಮೆಟ್ಟಿಲೊಂದು ಲೆಕ್ಕವೇ ಅಲ್ಲ. ನಡೆಯದಿದ್ದದ್ದು ಹತ್ತನೇ ಮಹಡಿಯ ಹೆನ್ನಿಂಗ್ ಕ್ರುಸೆಗೆ. ಆಳಸಮುದ್ರದ ಮೀನುಹಡಗುಗಳಲ್ಲಿ ದುಡಿದು ಶ್ವಾಸಕೋಶ ಸವೆಸಿಕೊಂಡ ಮುದುಕ, ಒಂದು ಮಹಡಿ ಇಳಿದರೆ ಮತ್ತೆ ಹತ್ತಲಾರ. ವಸಂತದಲ್ಲಿ ಹೆರಿಂಗ್ ಮೀನಿನ ಹಿಂಡು ಸಮುದ್ರದಿಂದ ನಮ್ಮ ನದಿಗೆ ನುಗ್ಗುತ್ತದೆ. ಊರಿನ ಅರ್ಧ ಗಂಡಸರು ಗಾಳ ಹಿಡಿದು ದಕ್ಕೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಹೆನ್ನಿಂಗ್ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ವರ್ಷ ಅವನು ಕಿಟಕಿಯಿಂದ ಆ ದಕ್ಕೆಯನ್ನು ದುರ್ಬೀನಿನಲ್ಲಿ ನೋಡುತ್ತಿದ್ದ. ಹೊತ್ತು ಇಳಿಸುತ್ತೇವೆ ಎಂದು ಕೆಳಗಿನ ಮಹಡಿಯ ನಾಲ್ವರು ಗಟ್ಟಿಗರು ಕುರ್ಚಿ ಸಮೇತ ಬಂದರು. "ನಾನೇನು ಪಿಯಾನೋನಾ?" ಎಂದು ಅವನು ಬಾಗಿಲು ಹಾಕಿಕೊಂಡ.

"ಹೆರಿಂಗ್ ಹೋಗೋದ್ರೊಳಗೆ ನಿನ್ನ ಕೆಳಗಿಳಿಸ್ತೀನಿ," ಎಂದಳು ಎಲ್ಕೆ, ಸೂಪಿನ ಪಾತ್ರೆಯನ್ನು ಅವನ ಮೇಜಿನ ಮೇಲೆ ಕುಕ್ಕಿ.

"ನೀನು ಸೂಪು ಮಾಡೋಳು ಕಣೇ, ಲಿಫ್ಟ್ ಮಾಡೋಳಲ್ಲ."

"ಸರಿ. ಆಮೇಲೆ?"

ಆಮೇಲೆ ನಡೆದದ್ದನ್ನು ನಾನು ಮೂರನೇ ಮಹಡಿಯಿಂದ, ಬಹುಪಾಲು ಕಿವಿಯಿಂದಲೇ ಬಲ್ಲೆ. ನಮ್ಮ ಕಟ್ಟಡವನ್ನು ಕಾಂಕ್ರೀಟ್ ಹಲಗೆಗಳನ್ನು ಇಸ್ಪೀಟಿನೆಲೆಗಳಂತೆ ಆನಿಸಿ ಕಟ್ಟಲಾಗಿದೆ. ಒಂದು ಮನೆಯಲ್ಲಿ ಡ್ರಿಲ್ ಹಿಡಿದರೆ ಇಡೀ ಗೋಪುರದ ಹಲ್ಲು ಜುಮ್ಮೆನ್ನುತ್ತದೆ. ಇಗರ್ಜಿಯ ಸಭಾಂಗಣದಲ್ಲಿ ಶನಿವಾರ ಕೆಟ್ಟ ಟೋಸ್ಟರು, ಕೆಟ್ಟ ರೇಡಿಯೋ ಹಿಡಿದು ಜನ ಸೇರುವ ರಿಪೇರಿ ಕೂಟದಲ್ಲಿ ಎಲ್ಕೆ ಒಂದು ಸೋಜಿಗ ಕಂಡಿದ್ದಳು. ಸೈಕಲ್ ಚಕ್ರದ ಕಡ್ಡಿಗೆ ಯಾರೋ ಒಂದೇ ಸಾಲು ಎಲ್‌ಇಡಿ ದೀಪ ಕಟ್ಟಿದ್ದರು. ಚಕ್ರ ನಿಂತಿದ್ದಾಗ ಅದು ಬರೀ ದೀಪದ ಸಾಲು. ವೇಗವಾಗಿ ತಿರುಗಿದಾಗ, ಯಾವ ದೀಪ ಯಾವ ಕ್ಷಣದಲ್ಲಿ ಹೊತ್ತಬೇಕು ಯಾವಾಗ ಆರಬೇಕು ಎಂದು ಬೆಂಕಿಪೆಟ್ಟಿಗೆಗಿಂತ ಸಣ್ಣ ಮೈಕ್ರೋಕಂಟ್ರೋಲರೊಂದು ಆಜ್ಞೆ ಕೊಡುತ್ತಿದ್ದಂತೆ, ಒಂದು ಹೊಳಪನ್ನು ಕಣ್ಣು ಬಿಟ್ಟುಕೊಡುವ ಮುನ್ನವೇ ಮುಂದಿನ ಹೊಳಪು ಬಂದು ಸೇರಿ, ಬರಿಗಾಳಿಯಲ್ಲಿ ಅಕ್ಷರಗಳು ಮೂಡಿ ನಿಂತವು. ಹೊರಗೆ ತೂಗದ, ಗೋಡೆಗೆ ಅಂಟದ ಬರಹ! ಎಲ್ಕೆಗೆ ಅಷ್ಟು ಸಾಕಾಯಿತು.

ಅದನ್ನು ಮಾಡಲು ಅವಳಿಗೆ ಬರುತ್ತಿತ್ತೇ? ಇಲ್ಲ. ಮೊದಲ ಮೈಕ್ರೋಕಂಟ್ರೋಲರಿಗೆ ತಂತಿಗಳನ್ನು ಅದಲುಬದಲು ಬೆಸೆದು ಹೊಗೆ ಎಬ್ಬಿಸಿದಳು. ಎರಡನೆಯದಕ್ಕೆ, ಸುತ್ತು ಎಲ್ಲಿ ಮುಗಿಯಿತೆಂದು ತಿಳಿಸುವ ಅಯಸ್ಕಾಂತವನ್ನು ಇಡಲು ಮರೆತಳು. ಅಕ್ಷರಗಳು ಕುಡಿದವರಂತೆ ಗೋಡೆಯ ಉದ್ದಕ್ಕೂ ತೂರಾಡಿದವು. ತಿರುಗುವ ಸರಳು ಹಳೆಯ ಪರದೆಯ ಕಂಬಿಯ ತುಂಡು. ಒಂದು ತುದಿಯ ಬ್ಯಾಟರಿಯ ಭಾರಕ್ಕೆ ಇನ್ನೊಂದು ತುದಿಯಲ್ಲಿ ಸಮತೂಕ ಬೇಕಲ್ಲ, ಅದಕ್ಕೆ ಅವಳು ಹಳೆಯ ಗಣರಾಜ್ಯದ ಅಲ್ಯೂಮಿನಿಯಂ ಚಿಲ್ಲರೆಯನ್ನು ಟೇಪಿನಲ್ಲಿ ಸುತ್ತಿದಳು. ಸಾರಿಗೆ ಉಪ್ಪು ಹಾಕುವ ಹಾಗೆ ಒಂದು ಹಾಕುವುದು, ತಿರುಗಿಸಿ ನೋಡುವುದು, ಇನ್ನೊಂದು ಹಾಕುವುದು. ಒಂದು ಸಂಜೆ ನಾಣ್ಯವೊಂದು ಟೇಪು ಹರಿದು ಗುಂಡಿನಂತೆ ಹಾರಿ, ಗಾಜಿನ ಬೀರುವಿನಲ್ಲಿ ಅತಿಥಿಗಳಿಗೆಂದು ಇಟ್ಟ ಕಾಫಿ ಬಟ್ಟಲುಗಳ ಸಾಲಿಗೆ ಬಡಿಯಿತು. ಸದ್ದಿಗೆ ಹೌಹಾರಿ ನಾನು ಮೆಟ್ಟಿಲು ಹತ್ತಿದೆ.

"ಆ ರಾಜ್ಯದ ದುಡ್ಡಿಗೆ ಇಷ್ಟು ಶಕ್ತಿ ಯಾವತ್ತೂ ಇರ್ಲಿಲ್ಲ ನೋಡು," ಎಂದು ಚೂರುಗಳನ್ನು ಗುಡಿಸುತ್ತಿದ್ದಳು. ಮರುದಿನ ಇಡೀ ಯಂತ್ರಕ್ಕೆ ಕೋಳಿಗೂಡಿನ ತಂತಿಬಲೆಯ ಕವಚ ಬಂತು.

ಚಳವಳಿಯಲ್ಲಿ ಮುದಿಯಾದ ನಾನು ಅದರ ಮೇಲೆ ಬರೆಯಬೇಕಾದ ಘೋಷಣೆಯನ್ನು ಸಿದ್ಧಮಾಡಿಕೊಂಡಿದ್ದೆ: ಮನೆ ಎಂಬುದು ಹಕ್ಕು, ಸರಕಲ್ಲ, ಮತ್ತು ಅದರ ಕೆಳಗೆ ಮೂರು ಬೇಡಿಕೆ. ಎಲ್ಕೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೋಡಿದಳು.

"ಇದನ್ನ ಓದಿ ಮುಗ್ಸೋದ್ರೊಳಗೆ ಟ್ರಾಮ್ ಹೋಗಿರುತ್ತೆ ಮಾರಾಯ. ಒಂದು ಪದ ಹಿಡಿಸುತ್ತೆ. ಯಾವ್ದು ಹೇಳು."

ಹೀಗೆ ಏಪ್ರಿಲ್ ತಿಂಗಳ ಒಂದು ಮುಸ್ಸಂಜೆ, ಕಂಬಿಯ ಒಳಬದಿಯ ಹೂತೊಟ್ಟಿಯಲ್ಲಿ, ಹಳದಿ ಪ್ಯಾನ್ಸಿ ಹೂಗಳ ನಡುವೆ, ಕೆಂಪಗೆ ಆ ಒಂದು ಪದ ಅರಳಿತು: ಲಿಫ್ಟ್. ಎದುರಿನ ಟ್ರಾಮ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತವರು ತಲೆ ಎತ್ತಿದರು. ಎರಡನೆಯ ಸಂಜೆ ಕೆಲವರು ತಮ್ಮ ಟ್ರಾಮನ್ನು ಹೋಗಲು ಬಿಟ್ಟು ನಿಂತು ನೋಡಿದರು. ಮೂರನೆಯ ಸಂಜೆ ಹೆರ್ ಬೊಲ್ಟೆ ಮೆಟ್ಟಿಲು ಹತ್ತಿದ.

"ಫ್ರೌ ಪಾಗೆಲ್, ಆ ಬರಹ ತೆಗೀರಿ."

ಎಲ್ಕೆ ಗುಂಡಿ ಒತ್ತಿದಳು. ಮೋಟಾರು ಗೊರಗೊರ ಎಂದು ನಿಂತಿತು. ಹೂವುಗಳ ನಡುವೆ ಪರದೆಯ ಕಂಬಿಯ ಒಂದು ತುಂಡು. "ಎಲ್ಲಿದೆ ಬರಹ? ತೋರ್ಸಿ, ನಾನೇ ಕಿತ್ತು ಕೊಡ್ತೀನಿ."

"ಈಗ ಇತ್ತಲ್ರೀ!"

"ನಿಮ್ಮ ಕಣ್ಣಲ್ಲಿ ಇತ್ತು, ಹೆರ್ ಬೊಲ್ಟೆ. ನಿಮ್ಮ ಕಣ್ಣಿಗೆ ನಿಯಮ ಮಾಡೋಕೆ ನಾನ್ಯಾರು?"

ಬೊಲ್ಟೆ ಬಗ್ಗಿ ಹೂತೊಟ್ಟಿಯನ್ನು ಸುತ್ತಲೂ ತಡಕಿದ. ಕೊನೆಗೆ ಅವನ ಮುಖ ಅರಳಿತು; ಗಡಿಯಾರ ತೋರಿಸಿದ. "ಸದ್ದಿನ ನಿಯಮ ಗೊತ್ತಲ್ಲ? ಮಧ್ಯಾಹ್ನ ಒಂದರಿಂದ ಮೂರು, ರಾತ್ರಿ ಹತ್ತರ ಮೇಲೆ, ಯಾರೂ ಸದ್ದು ಮಾಡೋ ಹಾಗಿಲ್ಲ."

ಇಲ್ಲಿ ಎಲ್ಕೆ ಸಿಕ್ಕಿಬಿದ್ದಳು. ಪೊಲೀಸರಿಗೆ ಬೆದರದ ಹೆಂಗಸು ಶಾಂತಿಯ ಹೊತ್ತನ್ನು ಮುರಿಯಲಾರಳು. ನಮ್ಮಲ್ಲಿ ಸರ್ಕಾರ ಬೀಳಿಸಲು ಹೊರಟವರೂ ಮಧ್ಯಾಹ್ನ ಒಂದಕ್ಕೆ ಡೋಲು ಕೆಳಗಿಟ್ಟು ಮೂರಕ್ಕೆ ಕಾಫಿ ಕುಡಿದು ಮತ್ತೆ ಎತ್ತಿಕೊಳ್ಳುತ್ತಾರೆ; ಹಾಸ್ಯ ಎಂದುಕೊಳ್ಳಬೇಡಿ, ನಾನು ಕಣ್ಣಾರೆ ಕಂಡವನು. ಎಲ್ಕೆಯ ಯಂತ್ರ ಹಗಲಿನಲ್ಲಿ ಕಾಣುತ್ತಿರಲಿಲ್ಲ, ಅದಕ್ಕೆ ಕತ್ತಲು ಬೇಕು. ನಮ್ಮ ಉತ್ತರದಲ್ಲಿ ವಸಂತ ಮುಂದುವರಿದಂತೆ ಕತ್ತಲು ದಿನದಿನಕ್ಕೂ ತಡವಾಗಿ ಬರುತ್ತದೆ. ರಾತ್ರಿ ಹತ್ತು ಮಾತ್ರ ಹತ್ತಕ್ಕೇ ಬರುತ್ತದೆ. ಪದ ಉರಿಯುವ ಹೊತ್ತು ಎರಡರ ನಡುವೆ ಸಿಕ್ಕಿ, ಒಗೆದ ಉಣ್ಣೆಯ ಅಂಗಿಯಂತೆ ಕುಗ್ಗುತ್ತ ಬಂತು. ಮೇ ತಿಂಗಳಲ್ಲಿ, ಕತ್ತಲಿಗಾಗಿ ಕಾದು ನಿಂತ ಜನ ಅಕ್ಷರ ಮೂಡಿತು ಅನ್ನುವಷ್ಟರಲ್ಲಿ ಅವಳು ಗುಂಡಿ ಒತ್ತಿಬಿಡುತ್ತಿದ್ದಳು.

ನಾನು ರೇಗಿದೆ. "ಆ ಒಡೆಯರು ಒಂದು ನಿಯಮಾನಾದ್ರೂ ಪಾಲಿಸಿದಾರಾ? ನೀನ್ಯಾಕೆ ಪಾಲಿಸ್ತೀಯ? ಓಡ್ಸು, ಬೆಳಗಿನ ತನಕ ಓಡ್ಸು!"

"ಹತ್ತು ಗಂಟೆ ಅವರದ್ದಲ್ಲ ಕಣೋ, ನಮ್ಮದು. ಗೋಡೆಯಾಚೆ ಮಗು ಮಲಗುತ್ತೆ, ಮೇಲೆ ಹೆನ್ನಿಂಗ್ ಉಸಿರಿಗೆ ಒದ್ದಾಡಿ ಈಗಷ್ಟೇ ಕಣ್ಣು ಮುಚ್ಚಿರ್ತಾನೆ. ಅವರ ಮೇಲಿನ ಸಿಟ್ಟನ್ನ ಇವರ ನಿದ್ದೆ ಮೇಲೆ ತೀರಿಸ್ಕೊಳ್ಳಲಾ?"

"ಹಂಗಾದ್ರೆ ಮುಗೀತು. ಬೇಸಿಗೆ ಪೂರ್ತಿ ಕತ್ತಲೇ ಇರಲ್ಲ."

"ಸರಿ. ಆಮೇಲೆ?" ಎಂದು ಅವಳು ಯಂತ್ರವನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಸದ್ದಿಲ್ಲದ ಯಂತ್ರ ಮಾಡಿದರೆ ಹತ್ತರ ನಿಯಮ ಮುಟ್ಟುವುದೇ ಇಲ್ಲ. ವಾಷಿಂಗ್ ಮೆಷೀನಿನಿಂದ ಕಿತ್ತಿದ್ದ ಮೋಟಾರು ಹೋಗಿ ಮೇಜಿನ ಫ್ಯಾನಿನ ಮೋಟಾರು ಬಂತು. ಅದು ನಿಧಾನ, ಅಕ್ಷರ ಮಿಣಮಿಣ ಎಂದಿತು. ಸರಳಿನ ಎರಡೂ ತುದಿಗೆ ದೀಪ ಕಟ್ಟಿದಳು. ಅರ್ಧ ಸುತ್ತಿಗೇ ಪೂರ್ತಿ ಪದ. ನಾಣ್ಯಗಳನ್ನು ಅರದಿಂದ ಉಜ್ಜಿ ಉಜ್ಜಿ ತೂಕ ಸರಿಪಡಿಸಿದಳು, ಇಡೀ ದಿನ ಶಾಂತಿಯ ಹೊತ್ತಾದ ಭಾನುವಾರ ಮಾತ್ರ ಅರ ಮುಟ್ಟುತ್ತಿರಲಿಲ್ಲ. ಆದರೂ ಕಾಂಕ್ರೀಟಿನಲ್ಲಿ ಒಂದು ಗುಂಯ್ ಉಳಿದೇ ಇತ್ತು. ಒಂದು ದಿನ ಬಾಗಿಲಲ್ಲಿ ಹೆರ್ ಬೊಲ್ಟೆ ನಿಂತಿದ್ದ, ಕೈಯಲ್ಲಿ ಕಪ್ಪು ರಬ್ಬರಿನ ನಾಲ್ಕು ಗಟ್ಟಿ ಬಿಲ್ಲೆ.

"ಸದ್ದಿನ ಬಗ್ಗೆ ದೂರು ಬಂದಿದೆ," ಎಂದ ಗೋಡೆ ನೋಡುತ್ತ. "ಅಡಿಗೆ ಇವನ್ನ ಇಡಿ. ಸತ್ತ ಲಿಫ್ಟಿನ ಮೋಟಾರಿನ ಕೆಳಗಿದ್ದವು. ಅಲ್ಲಿ ಈಗ ಯಾರಿಗೂ ಬೇಕಾಗಿಲ್ಲ."

"ಯಾರು ಕೊಟ್ಟ ದೂರು?"

"ನಾನೇ. ದಿನಾ ಮೆಟ್ಟಿಲು ಹತ್ತೋನು ನಾನೂ ತಾನೆ?"

ಅಂದು ಹತ್ತು ಗಂಟೆ ಹೊಡೆಯಿತು, ಎಲ್ಕೆಯ ಕೈ ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಗೋಡೆಗೆ ಕಿವಿಯಿಟ್ಟು ಕೇಳಿದೆವು. ಪಕ್ಕದ ಮನೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಯಂತ್ರದ್ದು ಕೇಳಿಸಲಿಲ್ಲ. ಪದ ಉರಿಯುತ್ತಲೇ ಇತ್ತು.

ಆದರೆ ಅಷ್ಟರಲ್ಲಿ ಹೆರಿಂಗ್ ಹಿಂಡು ಸಮುದ್ರಕ್ಕೆ ಮರಳಿತ್ತು. ಒಡೆಯರ ಕಡೆಯಿಂದ ಒಬ್ಬ ಬಂದು ಲಿಫ್ಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಹೋದ. ಗೆರೆ ಅಳಿಸಿಹೋಗಿದೆ, ಅವನು ಮತ್ತೆ ಬಂದಿಲ್ಲ. ಹೊಲಗಳಲ್ಲಿ ಹಳದಿ ಸಾಸಿವೆ ಹೂ ಬಿಟ್ಟಾಗ ಹಸಿರು ಮುಳ್ಳಿನ ಉದ್ದಮೂತಿಯ ಮೀನು ದಕ್ಕೆಗೆ ಬರುತ್ತದೆ. ಎಲ್ಕೆ ಅದನ್ನು ಹುರಿದು ಹೆನ್ನಿಂಗನಿಗೆ ಒಯ್ದಳು, ಮಾತು ಉಳಿಸಿಕೊಳ್ಳಲಾಗದ ಸಂಕಟ ಅವಳ ಭುಜದಲ್ಲೇ ಕಾಣುತ್ತಿತ್ತು.

ಅವನು ತಟ್ಟೆಯನ್ನು ಹಿಂದಕ್ಕೆ ಸರಿಸಿದ. "ಮೆಟ್ಟಿಲು ಹತ್ತಿ ಬಂದ ಮೀನು ನಂಗೆ ಬೇಡ. ನಾನು ಇಳ್ದು ಹಿಡಿದದ್ದು ತಿಂತೀನಿ. ಆರ್ಸಬೇಡ ಕಣೇ ಅದನ್ನ. ರಾತ್ರಿ ಕಿಟಕಿಯಿಂದ ಬಗ್ಗಿದ್ರೆ ನಂಗೆ ಅಕ್ಷರ ಕಾಣಲ್ಲ, ಆದ್ರೆ ಕೆಳಗೆ ನಿಂತು ಓದೋರ ಮುಖ ಕೆಂಪಗೆ ಕಾಣುತ್ತೆ."

ಎಲ್ಕೆ ಆರಿಸಿಲ್ಲ. ಇಂಥವರು ವೇದಿಕೆ ಹತ್ತುವುದಿಲ್ಲ, ಭಾಷಣದಲ್ಲಿ ಇವರ ಹೆಸರು ಬರುವುದಿಲ್ಲ, ಬಂದರೂ ಇವರು ಅಡುಗೆಮನೆಯಲ್ಲಿರುತ್ತಾರೆ. ನಮ್ಮಂಥವರು ಒಂದು ಸೋಲಿನಿಂದ ಇನ್ನೊಂದು ಸೋಲಿಗೆ ಘೋಷಣೆ ಬದಲಿಸುತ್ತ ನಡೆಯುವಾಗ, ಇವರು ಒಂದೇ ಪದವನ್ನು ಹಿಡಿದು, ಅದರ ಸದ್ದು ಅಡಗಿಸಿ, ತೂಕ ಸರಿಪಡಿಸಿ, ಕತ್ತಲಾದಾಗಲೆಲ್ಲ ಹೊತ್ತಿಸುತ್ತಾರೆ. ಆದರೆ ಒಂದು ಮಾತು ನೆನಪಿರಲಿ: ಆ ಹೂತೊಟ್ಟಿಯಲ್ಲಿರುವುದು ಪರದೆಯ ಕಂಬಿಯ ತುಂಡು. ಪದ ಇರುವುದು ನೋಡುವವರ ಕಣ್ಣಿನಲ್ಲಿ. ಯಾರೂ ನಿಲ್ಲದ ಬೀದಿಯಲ್ಲಿ ಅವಳು ಬರೆದದ್ದು ಇಲ್ಲವೇ ಇಲ್ಲ.

ನೀವು ಇಲ್ಲಿಯವರೆಗೆ ಓದಿದ್ದೀರಿ. ಪದ ಈಗ ನಿಮ್ಮ ಕಣ್ಣಿನಲ್ಲೂ ಇದೆ, ಕಾಣಲಿಲ್ಲ ಅನ್ನುವಂತಿಲ್ಲ. ಗುರುವಾರ ಸಂಜೆ ನಮ್ಮ ಟ್ರಾಮ್ ನಿಲ್ದಾಣಕ್ಕೆ ಬನ್ನಿ, ತಲೆ ಎತ್ತಿ, ನಿಮ್ಮ ಟ್ರಾಮ್ ಹೋದರೆ ಹೋಗಲಿ ಬಿಡಿ. ಶುಕ್ರವಾರ ಆ ಗಾಜಿನ ಕಚೇರಿಯ ಬಾಗಿಲಿಗೆ ನಮ್ಮೊಂದಿಗೆ ಬಂದು ನಿಲ್ಲಿ, ಹೆನ್ನಿಂಗ್ ಕ್ರುಸೆ ಕೆಳಗಿಳಿಯುವುದು ಯಾವತ್ತು ಎಂದು ಕೇಳಿ. ಅವರು ಕಾರಣ ಹೇಳುತ್ತಾರೆ. ಪೂರ್ತಿ ಹೇಳಲು ಬಿಡಿ. ಮುಗಿದ ಮೇಲೆ ಅಲ್ಲಿಂದ ಕದಲದೆ ಕೇಳಿ: "ಸರಿ. ಆಮೇಲೆ?"